ಅಜ್ಜಿಯ ಪಾಲಿನ ನೀರು

ಜನವರಿ 20, ಸೋಮವಾರ

ನಾಲ್ಕನೇ ಕ್ಲಾಸಿಗೆ ಇವತ್ತು ಲೀಟರ್, ಮಿಲಿಲೀಟರ್ ಶುರು. ಬೋರ್ಡಿನಲ್ಲಿ ಬರೆದು ಮುಗಿಸುವ ಪಾಠ ಅಲ್ಲ. ಬಕೆಟ್ ಹೊತ್ತುಕೊಂಡೇ ಹೋದೆ. ಮಕ್ಕಳು ಮನೆಯಿಂದ ಲೋಟ, ಬಟ್ಟಲು, ಉಪ್ಪಿನಕಾಯಿ ಭರಣಿ... ಒಬ್ಬ ಶ್ಯಾಂಪೂ ಬಾಟಲಿ ತಂದಿದ್ದ, ತೊಳೆಯದೆ. ಡೆಸ್ಕಿನ ತುಂಬ ನೊರೆ.

ಉದ್ದ ಲೋಟದಲ್ಲಿ ಜಾಸ್ತಿ ಹಿಡಿಯುತ್ತದೋ, ಗಿಡ್ಡ ಬಟ್ಟಲಲ್ಲೋ? ಕ್ಲಾಸಿಗೆ ಕ್ಲಾಸೇ ಲೋಟ ಎಂದಿತು. ಶಿಹಾಬ್ ಬೆಟ್ ಕಟ್ಟಲಿಕ್ಕೂ ರೆಡಿ. ತೃಷಾ ಮಾತ್ರ ಕೈ ಎತ್ತಲಿಲ್ಲ. ಕೇಳಿದರೆ, "ಸುರಿದು ನೋಡದೆ ಹೇಗೆ ಹೇಳುದು ಟೀಚರ್?"

ಹಿಂದಿನ ಬೆಂಚಿನ ಹುಡುಗಿ. ಇಡೀ ವರ್ಷದಲ್ಲಿ ತಾನಾಗಿ ಆಡಿದ ಮಾತು ಇದೇ ಇರಬೇಕು.

ಸುರಿದೆವು. ಬಟ್ಟಲಿಗೇ ಜಾಸ್ತಿ ಹಿಡಿಯಿತು. ಶಿಹಾಬ್‌ಗೆ ಇನ್ನೂ ನಂಬಿಕೆ ಇಲ್ಲ — ನಾನು ಎಂತದೋ ಮೋಸ ಮಾಡಿದೆನಂತೆ.

ಸೀರೆ ಮೊಣಕಾಲಿನವರೆಗೆ ಒದ್ದೆ. ಹಾಗೇ ಸ್ಕೂಟಿಯಲ್ಲಿ ಮನೆಗೆ. ಗಂಡ ರೂಬನ್ ಬಜಪೆ ಏರ್‌ಪೋರ್ಟಿನಲ್ಲಿ ಕಾರ್ಗೋ ಶಿಫ್ಟ್ ಮುಗಿಸಿ ಬರುವಾಗ ಬಂಗುಡೆ ಮೀನು ತರುತ್ತೇನೆ ಎಂದಿದ್ದ. ಮರೆತು ಬಂದ. ಮೊಟ್ಟೆ ಸಾರು.

ಜನವರಿ 22

ಹೋಂವರ್ಕ್ ಕೊಟ್ಟೆ. ಮನೆಯ ಒಬ್ಬೊಬ್ಬರೂ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಎಷ್ಟು ಕುಡಿಯುತ್ತಾರೆ? ನೀರು, ಚಹಾ, ಗಂಜಿ ತಿಳಿ, ಎಲ್ಲ ಸೇರಿಸಿ. ಬರೆಯುವುದು ಬೇಡ. ಶುಕ್ರವಾರ ಕ್ಲಾಸಿನಲ್ಲಿ ಅಷ್ಟನ್ನು ಸುರಿದು ತೋರಿಸಬೇಕು.

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಡುಲ್ಸಿನ್ ವರಾಂಡದಲ್ಲಿ ನಿಂತು ಕೇಳಿದರು. "ಒಳ್ಳೆ ಐಡಿಯಾ ಮೆರ್ಲಿನ್. ನೆಲ ಮಾತ್ರ ನೀವೇ ಒರೆಸ್ಬೇಕು." ನನಗೂ ಖುಷಿಯೇ.

ಜನವರಿ 24, ಶುಕ್ರವಾರ

ಖುಷಿ ಎಂದು ಬರೆದದ್ದನ್ನು ಈಗ ಓದಿದೆ.

ಒಬ್ಬೊಬ್ಬರಾಗಿ ಬಂದು ಅಳತೆಯ ಜಾರಿಗೆ ಸುರಿದರು. ಶಿಹಾಬ್‌ನ ಅಪ್ಪ ಲಾರಿ ಡ್ರೈವರ್ — ಜಾರು ಮೂರು ಸಲ ತುಂಬಿತು. ಎಲ್ಲರೂ ಚಪ್ಪಾಳೆ. ತೃಷಾ ಮೊದಲು ಅಮ್ಮನದ್ದು ಸುರಿದಳು. ಆಮೇಲೆ ತನ್ನದು. ಸರಿ ಇತ್ತು. ಮತ್ತೆ ಬಕೆಟ್‌ನಿಂದ ಒಂದು ಲೋಟದಷ್ಟೂ ಇಲ್ಲದ ನೀರು ತೆಗೆದು ಹಾಕಿದಳು. ಇನ್ನೂರರ ಗೆರೆ ಮುಟ್ಟಲಿಲ್ಲ.

"ಇದು ಅಜ್ಜಿದು."

ಕ್ಲಾಸು ನಕ್ಕಿತು. "ನಮ್ಮ ಬೆಕ್ಕೇ ಇದಕ್ಕಿಂತ ಜಾಸ್ತಿ ಕುಡೀತದೆ" ಎಂದ ಶಿಹಾಬ್.

"ಇಡೀ ದಿನದ್ದು ಅಳತೆ ಮಾಡ್ಬೇಕಿತ್ತು ಮಗಾ" ಎಂದೆ.

"ಇಡೀ ದಿನದ್ದೇ ಟೀಚರ್. ಬೆಳಗ್ಗೆ ಮಾತ್ರೆಗೆ ಸ್ವಲ್ಪ. ರಾತ್ರಿ ಸ್ವಲ್ಪ ಚಾ."

ಅಲ್ಲಿ ಮುಂದೆ ಕೇಳಲಿಲ್ಲ. ಬಿಸಿಯೂಟದ ಹೊತ್ತಿಗೆ ಪಕ್ಕಕ್ಕೆ ಕರೆದೆ. ಅವಳಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. "ಅಜ್ಜಿಗೆ ಏಳ್ಲಿಕ್ಕೆ ಆಗುದಿಲ್ಲ. ಮಳೆಗಾಲದಲ್ಲಿ ಬಿದ್ದು ಸೊಂಟ ಮುರಿದದ್ದು. ಜಾಸ್ತಿ ಕುಡಿದ್ರೆ ಹಾಸಿಗೆ ಒದ್ದೆ ಆಗ್ತದೆ. ಅಮ್ಮ ಬೈಕಂಪಾಡಿಯಿಂದ ಕೆಲಸ ಮುಗಿಸಿ ಬರುವಾಗ ಕತ್ತಲೆ ಆಗ್ತದೆ ಅಲ್ವಾ."

"ಕೊಡ್ಬಾರ್ದು ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಹಾಗೇ."



ಅದೇ ದಿನ, ಸಂಜೆ

ರೂಬನ್ ಹೇಳುತ್ತಾನೆ — ಡಾಕ್ಟರೇ ಹೇಳಿರಬಹುದು. ಕಿಡ್ನಿಗೆ, ಹಾರ್ಟಿಗೆ ಹಾಗೆ ನೀರು ಕಡಿಮೆ ಮಾಡುತ್ತಾರೆ. ಅವನ ಅಮ್ಮನಿಗೂ ಕಡೆಗೆ ಲೆಕ್ಕದ ನೀರೇ ಇತ್ತು.

ಹೌದು. ಆದರೆ ಅಷ್ಟು ಕಡಿಮೆ ಅಲ್ಲ. ಅಮ್ಮ ಕೇಳಿದಾಗ ಐಸ್ ಚೂರಾದರೂ ಕೊಡುತ್ತಿದ್ದೆವು.

"ನೀನು ಅಳತೆ ಕಲಿಸ್ಲಿಕ್ಕೆ ಹೋದದ್ದು ಮಾರಾಯ್ತಿ, ಪೊಲೀಸ್ ಕೆಲಸಕ್ಕೆ ಅಲ್ಲ" ಎಂದ. ತಪ್ಪು ಹೇಳಲಿಲ್ಲ ಅವನು. ಆದರೂ...

ಜನವರಿ 26, ಭಾನುವಾರ

ಧ್ವಜಾರೋಹಣ, ಲಾಡು, ಮಕ್ಕಳ ಡ್ಯಾನ್ಸ್. ಮುಗಿಸಿ ನೇರ ತೃಷಾಳ ಮನೆಗೆ ಹೋದೆ. ಪಡೀಲಿನಲ್ಲಿ, ನಮ್ಮ ಶಾಲೆಯಿಂದ ನಡೆದುಹೋಗುವಷ್ಟು ದೂರ. ಒಂದೇ ಸಾಲಿನಲ್ಲಿ ನಾಲ್ಕು ಬಾಡಿಗೆ ಮನೆಗಳು. ಇವರದ್ದು ಕೊನೆಯದು.

ತಾಯಿ ಹರಿಣಾಕ್ಷಿ. ನನಗಿಂತ ಚಿಕ್ಕವಳು. ಬೈಕಂಪಾಡಿಯ ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ. ಗಂಡ ರೂಪೇಶ್ ಮಸ್ಕತ್‌ನಲ್ಲಿ. ಟೀಚರ್ ಬಂದರೆಂದು ಗಡಿಬಿಡಿ. ಕೂರಿಸಿ, ದೊಡ್ಡ ಲೋಟದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು.

ಒಳಕೋಣೆಯ ಬಾಗಿಲು ತೆರೆದಿತ್ತು. ಮಂಚದಲ್ಲಿ ಅಜ್ಜಿ, ದೇಯಿ ಎಂದು ಹೆಸರು. ತುಟಿ ಒಡೆದು ಸಿಪ್ಪೆ ಎದ್ದಿದೆ. ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ. ಲೋಟವನ್ನು.

ಎದ್ದು ಹೋಗಿ ಲೋಟ ಹಿಡಿದೆ. ಮುಖ ಆಚೆ ತಿರುಗಿಸಿದರು. "ಬೊಡ್ಚಿ." ಬೇಡ. ಮತ್ತೆ ಕೇಳಿದೆ. "ಬೊಡ್ಚಿ" ಎಂದು ಸೊಸೆಯ ಕಡೆ ನೋಡಿದರು.

ಹರಿಣಾಕ್ಷಿಗೆ ಅರ್ಥವಾಯಿತು. "ತೃಷಾ ಹೇಳಿದ್ದಾ?"

ಹೊರಗೆ ನೋಡಿದೆ. ತೃಷಾ ಅಂಗಳದಲ್ಲಿ ಆಡುತ್ತಿದ್ದಳು.

"ನೀವು ಎಂತ ಅಂತ ಎಣಿಸಿದ್ದೀರಿ ಅಂತ ಗೊತ್ತುಂಟು" ಎಂದಳು. ಜೋರಾಗಿ ಅಲ್ಲ. "ಬೆಳಗ್ಗೆ ಕಂಪನಿ ಬಸ್ ಬರುವ ಮೊದಲು ಇವರನ್ನು ತೊಳೆದು, ಉಣ್ಣಿಸಿ ಹೋಗ್ತೇನೆ. ವಾಪಸ್ ಬರುವವರೆಗೆ ಇಲ್ಲಿ ಯಾರೂ ಇಲ್ಲ. ಒದ್ದೆಯಲ್ಲಿ ಮಲಗಿ ಬೆನ್ನು ಹುಣ್ಣಾಗಿತ್ತು. ಅದಕ್ಕೆ ಔಷಧಿ ಹಚ್ಚಿದ್ದೂ ನಾನೇ."

ಮಂಚದ ಕೆಳಗೆ ತೊಳೆದು ಮಡಚಿದ ಬಟ್ಟೆಗಳ ರಾಶಿ. ಕೋಣೆಯಲ್ಲಿ ವಾಸನೆ ಇರಲಿಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ನನ್ನ ಬಾಯಿಂದ ಹೊರಟದ್ದು ಹೀಗೆ — "ಮಧ್ಯಾಹ್ನ ನನಗೆ ಊಟದ ಬಿಡುವು ಉಂಟು. ನಾನು ಬಂದು ನೀರು ಕೊಡ್ತೇನೆ. ಬಟ್ಟೆಯೂ ಬದಲಿಸ್ತೇನೆ."

"ನಿಮಗೆ ಯಾಕೆ ಟೀಚರ್ ಅದೆಲ್ಲ?"

 ನೀರಿನ ಲೋಟ ನನ್ನ ಕೈಯಿಂದ ತೆಗೆದುಕೊಂಡಳು. ಕೀ ಪಕ್ಕದ ಬೋಜಣ್ಣನ ಮನೆಯಲ್ಲಿ ಇರುತ್ತದೆ ಎಂದಳು. ಗೇಟಿನವರೆಗೆ ಬಂದು ಒಂದೇ ಮಾತು ಕೇಳಿದಳು. "ನಾನು ಕೊಡ್ತಿರ್ಲಿಲ್ಲ ಅಂತ ಯಾರತ್ರವೂ ಹೇಳ್ಬೇಡಿ. ಮಸ್ಕತ್‌ನಲ್ಲಿ ಇವರಿಗೆ ಗೊತ್ತಾದ್ರೆ... ಅವರ ಅಮ್ಮ ಅಲ್ವಾ."

ಹೇಳುವುದಿಲ್ಲ ಎಂದೆ.

ಜನವರಿ 29

ಹೋಗುತ್ತಿದ್ದೇನೆ. ಮೊದಲ ದಿನ ಒಂದು ಗುಟುಕು. ಇವತ್ತು ಅರ್ಧ ಲೋಟ. ಮಲಗಿದಲ್ಲೇ ಕೊಟ್ಟರೆ ನೆತ್ತಿಗೆ ಹತ್ತುತ್ತದೆ. ದಿಂಬು ಇಟ್ಟು ಎಬ್ಬಿಸಿ ಕೂರಿಸಬೇಕು. ಮನೆಯಿಂದಲೇ ಜೀರಿಗೆ ಹಾಕಿ ಕುದಿಸಿದ ನೀರು ಸ್ಟೀಲ್ ಬಾಟಲಿಯಲ್ಲಿ ಕೊಂಡುಹೋಗುತ್ತೇನೆ. ಬರಿ ನೀರು ಅವರಿಗೆ ಓಕರಿಕೆ.

ಬಟ್ಟೆ ಬದಲಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಮಾತಾಡುತ್ತಲೇ ಇರುತ್ತೇನೆ — ಮೀನಿನ ರೇಟು, ಸೆಕೆ, ಏನಾದರೂ.

ನನ್ನ ಊಟ ಸ್ಟಾಫ್‌ರೂಮಿನಲ್ಲಿ ನಿಂತುಕೊಂಡೇ.

ಫೆಬ್ರವರಿ 6

ಇವತ್ತು ಅವರೇ ಕೇಳಿದರು. "ನೀರ್ ಕೊರ್ಲೆ ಟೀಚರೆ." ಒಂದು ಲೋಟ ಪೂರ್ತಿ. ಮತ್ತೆ ಅರ್ಧ.

ತುಟಿ ವಾಸಿಯಾಗುತ್ತಿದೆ. ಮಾತೂ ಬಂದಿದೆ. ಹಿಂದೆ ಮನೆಮನೆಗೆ ಹಾಲು ಹಾಕುತ್ತಿದ್ದರಂತೆ. ನಮ್ಮ ಚರ್ಚಿನ ಹಿಂದಿನ ಮನೆಗಳಿಗೂ. ನಮ್ಮ ಕ್ರೈಸ್ತರಲ್ಲಿ ಯಾವ ಪೊರ್ಬುವಿನ ಹೆಂಡತಿ ಹಾಲಿಗೆ ನೀರು ಹಾಕಿದ್ದೀಯಾ ಎಂದು ದಿನಾ ಕೇಳುತ್ತಿದ್ದಳು, ಯಾರು ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕೊಡುತ್ತಿದ್ದರು, ಎಲ್ಲ ನೆನಪು. ನಕ್ಕರು. ಹಲ್ಲಿಲ್ಲ, ನಗು ಚಂದ.

ಕ್ಲಾಸಿನಲ್ಲಿ ತೃಷಾ ಎರಡನೇ ಬೆಂಚಿಗೆ ಬಂದು ಕೂತಿದ್ದಾಳೆ. ನಾನು ಹೇಳಿದ್ದಲ್ಲ.

ಫೆಬ್ರವರಿ 13

ಕೀ ಕೊಡುವಾಗ ಬೋಜಣ್ಣನ ಹೆಂಡತಿ ಕೇಳಿದರು, "ಬಾಟ್ಲಿಯಲ್ಲಿ ಎಂತ ಟೀಚರ್?"

"ಜೀರಿಗೆ ನೀರು."

"ಅಜ್ಜಿ ಹೇಳ್ತಿದ್ರು, ಟೀಚರ್ ನೀರು ಕೊಟ್ಟ ಮೇಲೆ ಜೀವ ಬಂತು ಅಂತ." ನಗುತ್ತಲೇ ಹೇಳಿದರು. ಕಣ್ಣು ನನ್ನ ಕುತ್ತಿಗೆಯ ಶಿಲುಬೆಯ ಮೇಲಿತ್ತು.

ಏನೂ ಅಲ್ಲ ಇರಬಹುದು.

ಫೆಬ್ರವರಿ 17, ಸೋಮವಾರ

ಏನೂ ಅಲ್ಲ ಅಲ್ಲ. ರಸ್ತೆಯಲ್ಲಿ ಬೈಕಿನಲ್ಲಿ ಇಬ್ಬರು ಕೂತಿದ್ದರು. ಹೋಗುವಾಗ, ಬರುವಾಗ ಫೋನ್ ನನ್ನ ಕಡೆಗೇ ಹಿಡಿದಿದ್ದರು.

ರೂಬನ್‌ಗೆ ಹೇಳಿದೆ. ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. "ನಾಳೆಯಿಂದ ಹೋಗ್ಬೇಡ."

"ಅವರು ಕಾಯ್ತಾರೆ ರೂಬನ್."

"ಅದಕ್ಕೇ ಹೇಳಿದ್ದು, ಶುರು ಮಾಡ್ಬೇಡ ಅಂತ."

ಫೆಬ್ರವರಿ 19, ಬುಧವಾರ

 ಇವತ್ತಿನದ್ದನ್ನು ಬರೆಯಬೇಕು.

ಮೂರನೇ ಪೀರಿಯಡ್‌ನಲ್ಲಿ ಕರೆ ಬಂತು. ಸಿಸ್ಟರ್ ಡುಲ್ಸಿನ್ ರೂಮಿನ ತುಂಬ ಜನ. ಬೋಜಣ್ಣ ಕುರ್ಚಿಯಲ್ಲಿ. ಬೈಕಿನ ಹುಡುಗರು ಗೋಡೆಗೆ ಒರಗಿ, ಫೋನ್ ಎತ್ತಿ ಹಿಡಿದು. ಹರಿಣಾಕ್ಷಿಯನ್ನು ಕೆಲಸದಿಂದ ಕರೆಸಿದ್ದರು. ಕಂಪನಿಯ ಟೋಪಿ ಕೈಯಲ್ಲೇ ಇತ್ತು. ಮಗುವನ್ನೂ ಕೇಳುವ ಎಂದು ಯಾರೋ ತೃಷಾಳನ್ನು ಕ್ಲಾಸಿನಿಂದ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು.

"ನಾವು ಜಗಳಕ್ಕೆ ಬಂದದ್ದಲ್ಲ ಸಿಸ್ಟರ್" ಎಂದರು ಬೋಜಣ್ಣ. "ಕೇಳ್ಲಿಕ್ಕೆ ಬಂದದ್ದು. ಟೀಚರ್, ಅಜ್ಜಿಗೆ ದಿನಾ ಎಂತ ಕುಡಿಸ್ತೀರಿ?"

"ನೀರು."

"ಎಂತ ನೀರು? ಚರ್ಚಿಂದಾ?" — ಗೋಡೆಯ ಕಡೆಯಿಂದ.

"ನಮ್ಮ ಬಾವಿಯದ್ದು. ಜೀರಿಗೆ ಹಾಕಿದ್ದು."

"ಆ ಮನೆಯಲ್ಲಿ ನೀರಿಲ್ವಾ?" ಬೋಜಣ್ಣನ ದನಿ ಮೆತ್ತಗೇ ಇತ್ತು. "ಸೊಸೆ ಉಂಟು, ಮೊಮ್ಮಗಳು ಉಂಟು. ನೀವು ಹೊರಗಿಂದ ನೀರು ತಂದು ಕೊಡುದು ಯಾಕೆ? ಅದನ್ನು ಹೇಳಿ, ನಾವು ಹೋಗ್ತೇವೆ."

ಒಂದು ವಾಕ್ಯ ಸಾಕಿತ್ತು. ಬಾಯಿಯವರೆಗೆ ಬಂದಿತ್ತು. ಹರಿಣಾಕ್ಷಿ ನೆಲ ನೋಡುತ್ತಿದ್ದಳು.

"ಹರಿಣಾಕ್ಷಿ, ನೀನು ಕರೆದದ್ದಾ ಇವರನ್ನು?"

ಟೋಪಿಯನ್ನು ಹಿಂಡಿದಳು. "ನಾನು ಹಗಲು ಇರುದಿಲ್ಲ ಅಲ್ವಾ ಬೋಜಣ್ಣ. ನಂಗೆ ಗೊತ್ತಿಲ್ಲ."

ತೃಷಾ ತಾಯಿಯನ್ನು ನೋಡಿದಳು. ನನ್ನನ್ನು ನೋಡಿದಳು. ಬಾಯಿ ತೆರೆದಳು. ಸುರಿದು ನೋಡದೆ ಹೇಳದ ಮಗು. ಕೇಳಿದರೆ ಇದ್ದದ್ದನ್ನೇ ಹೇಳುತ್ತಿತ್ತು. ಅಷ್ಟು ಜನರ ಎದುರು, ತಾಯಿಯ ಮೇಲೆ.

"ತೃಷಾ, ಕ್ಲಾಸಿಗೆ ಹೋಗು" ಎಂದೆ. ಟೀಚರ್ ದನಿಯಲ್ಲೇ. ಹೋದಳು.

ಆಮೇಲೆ ಬಿಳಿ ಹಾಳೆ. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದು ಸಿಸ್ಟರ್ ಹೇಳಿದ ಹಾಗೆ ಬರೆದು ಸಹಿ ಹಾಕಿದೆ. ಹುಡುಗರು ಅದರ ಫೋಟೊ ತೆಗೆದುಕೊಂಡರು. ಹರಿಣಾಕ್ಷಿ ಎಲ್ಲರಿಗಿಂತ ಮೊದಲೇ ಹೊರಟು ಹೋಗಿದ್ದಳು.

ಎಲ್ಲ ಹೋದ ಮೇಲೆ ಸಿಸ್ಟರ್ ಬಾಗಿಲು ಹಾಕಿದರು. "ನಿಜ ಎಂತ ಮೆರ್ಲಿನ್?"

"ನೀರು, ಸಿಸ್ಟರ್."

ಮತ್ತೆ ಕೇಳಲಿಲ್ಲ ಅವರು. ನೆಲ ನೀವೇ ಒರೆಸ್ಬೇಕು ಎಂದು ತಮಾಷೆ ಮಾಡಿದವರು, ಇವತ್ತು ನನ್ನ ಭುಜ ಮುಟ್ಟಲೂ ಹೆದರಿದ ಹಾಗೆ ಕಂಡರು.

ಫೆಬ್ರವರಿ 21

ವೀಡಿಯೊ ಯಾವುದೋ ಗ್ರೂಪಿನಲ್ಲಿ ಬಂದಿದೆಯಂತೆ. ರೂಬನ್ ತೋರಿಸಲು ಬಂದ. ಬೇಡ ಎಂದೆ.

"ಹೇಳ್ಬೇಕಿತ್ತು ನೀನು. ಹರಿಣಾಕ್ಷಿ ನಿನ್ನನ್ನು ಕೈಬಿಟ್ಟಳು. ನೀನು ಅವಳ ಮಾತು ಉಳಿಸಿದ್ದಿ. ಎಂತಕ್ಕೆ?"

ನನಗೂ ಸಿಟ್ಟು ಇಲ್ಲ ಎಂದಲ್ಲ. ನಿನ್ನೆ ಪಾತ್ರೆ ತೊಳೆಯುತ್ತಾ ಮನಸ್ಸಿನಲ್ಲೇ ಅವಳಿಗೆ ಏನೆಲ್ಲ ಹೇಳಿದೆ. ಎಲ್ಲ ಕೆಟ್ಟ ಮಾತು. ದಿನಾ ಬೆಳಗ್ಗೆ ಆ ಅಜ್ಜಿಯನ್ನು ತೊಳೆಯುವವಳು ಅವಳು, ನಾನಲ್ಲ — ಅದು ಆಮೇಲೆ ನೆನಪಾಗುತ್ತದೆ. ಸಿಟ್ಟು ಮೊದಲು ಬರುತ್ತದೆ.

ಊಟದ ಬಿಡುವಿನಲ್ಲಿ ಕ್ಲಾಸಿನಲ್ಲೇ ಕೂತಿದ್ದೆ. ಕೈಗೆ ಕೆಲಸ ಇಲ್ಲ.

ಫೆಬ್ರವರಿ 24

ತೃಷಾ ಮತ್ತೆ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ಬೆಲ್ ಆದ ಮೇಲೆ ಬ್ಯಾಗು ಹಾಕಿಕೊಂಡು ನಿಂತಳು.

"ಶನಿವಾರ ಮಧ್ಯಾಹ್ನ ನಾನು ಹೋಗುವಾಗ ಅಜ್ಜಿ ನೀವು ಅಂತ ಎಣಿಸಿದ್ರು ಟೀಚರ್. ಏಳ್ಲಿಕ್ಕೆ ನೋಡಿದ್ರು."

"ನೀನು ಕೊಟ್ಟಿಯಾ?"

"ಕೊಟ್ಟೆ. ಬೇಡ ಅಂದ್ರು."

ದಿಂಬು ಇಟ್ಟು ಕೂರಿಸಿ ಕೊಡು ಎಂದು ಹೇಳಲೇ? ಒಂಬತ್ತು ವರ್ಷದ ಮಗುವಿನ ತಲೆಗೆ ಇದನ್ನು ಹಾಕಲೇ? ಹಾಕಲಿಲ್ಲ. "ಅಮ್ಮನತ್ರ ಹೇಳು" ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಮಾರ್ಚ್ 5, ಬುಧವಾರ

ಬೂದಿ ಬುಧವಾರ. ಗರೇಸ್ಮದ ನಲವತ್ತು ದಿನದ ಉಪವಾಸ ಶುರು. ಬೆಳಗ್ಗೆ ಇಗರ್ಜಿಗೆ ಹೋದೆ. ಪಾದ್ರಿ ಹಣೆಗೆ ಬೂದಿ ಹಚ್ಚುವಾಗಲೂ ಅಜ್ಜಿಯ ತುಟಿಯೇ ಕಣ್ಣೆದುರು. ಶಾಲೆಗೆ ಹೋಗುವ ಮೊದಲು ಹಣೆ ತೊಳೆದುಕೊಂಡೆ. ಹಿಂದೆ ಯಾವತ್ತೂ ತೊಳೆದದ್ದಿಲ್ಲ.

ತೃಷಾ ಬಂದಿಲ್ಲ. ನಿನ್ನೆಯೂ ಇಲ್ಲ. ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಕೊಂಡುಹೋದರು ಎಂದು ಶಿಹಾಬ್ ಹೇಳಿದ.

ಮಾರ್ಚ್ 6

ಸಹಿ ಹಾಕಿದ್ದು ಮನೆಗೆ ಹೋಗುವುದಿಲ್ಲ ಎಂದು. ಆಸ್ಪತ್ರೆಗೆ ಅಲ್ಲ.

ಸರಕಾರಿ ಆಸ್ಪತ್ರೆ, ಹೆಂಗಸರ ವಾರ್ಡು. ಅಜ್ಜಿಗೆ ಡ್ರಿಪ್. ಜ್ವರ. ಕಣ್ಣು ತೆರೆಯಲಿಲ್ಲ. ಮೂತ್ರದ ಇನ್ಫೆಕ್ಷನ್ ರಕ್ತಕ್ಕೆ ಹೋಗಿದೆಯಂತೆ. ಹರಿಣಾಕ್ಷಿ ಸ್ಟೂಲಿನಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಮತ್ತೆ ಕೂತಳು.

ಅತ್ತೆಯ ಹೊದಿಕೆ ಸರಿಮಾಡಿ ಕೇಳಿದಳು, "ಅವತ್ತು ನೀವು ಹೇಳ್ಬಹುದಿತ್ತು. ಯಾಕೆ ಹೇಳ್ಲಿಲ್ಲ?"

"ತೃಷಾ ಬಾಗಿಲಲ್ಲೇ ಇದ್ದಳು."

ಸೆರಗು ಬಾಯಿಗೆ ಒತ್ತಿಕೊಂಡಳು. ದನಿ ಬಿಟ್ಟು ಅಳಲಿಲ್ಲ. "ಶುರುವಿಗೆ ನಾನೇ ಕಡಿಮೆ ಮಾಡಿದ್ದು ಟೀಚರ್. ಹಗಲಿನದ್ದು ಮಾತ್ರ. ಆಮೇಲೆ ಅವರೇ ಬೇಡ ಅಂದ್ರು. ಅವರು ಬೇಡ ಅನ್ನುವಾಗ ನಂಗೆ ಸುಲಭ ಆಯ್ತು. ಯಾಕೆ ಬೇಡ ಅಂತ ನಾನು ಕೇಳ್ಲಿಲ್ಲ. ಗೊತ್ತಿತ್ತು."

 ಪಕ್ಕದಲ್ಲಿ ಕೂತೆ. ನರ್ಸ್ ಬಂದು ಹೊಸ ಬಾಟಲಿ ಹಾಕಿ ಹೋದರು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

"ನೀವು ಬರುದು ನಿಂತ ಮೇಲೆ ನಾನು ಎರಡು ದಿನ ರಜೆ ಹಾಕಿ ಕೊಟ್ಟೆ. ನನ್ನ ಕೈಯಿಂದ ಕುಡೀಲಿಲ್ಲ" ಎಂದಳು.

ಮಾರ್ಚ್ 8, ಶನಿವಾರ

ತೀರಿಕೊಂಡರು. ಬೆಳಗ್ಗೆ. ಹರಿಣಾಕ್ಷಿಯೇ ಫೋನ್ ಮಾಡಿದಳು. "ಅತ್ತೆ ಹೋದ್ರು ಟೀಚರ್." ಅಷ್ಟೇ ಹೇಳಿ ಇಟ್ಟಳು. ರೂಪೇಶ್ ಮಸ್ಕತ್‌ನಿಂದ ಬರುವವರೆಗೆ ಕಾಯುತ್ತಾರೆ.

ರೂಬನ್‌ನನ್ನು ಕೇಳಿದೆ. ಹೋಗಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. "ನಾನೂ ಬರ್ತೇನೆ" ಎಂದ.

ಮಾರ್ಚ್ 9, ಭಾನುವಾರ

ಹೋಗಿ ಬಂದೆವು. ಸ್ನಾನ ಮಾಡಿ ಬರೆಯಲು ಕೂತಿದ್ದೇನೆ.

ಅಂಗಳದಲ್ಲಿ ಶಾಮಿಯಾನ, ಕುರ್ಚಿ. ಆ ಬೈಕಿನ ಹುಡುಗರೇ ಓಡಾಡಿ ಕೆಲಸ ಮಾಡುತ್ತಿದ್ದರು. ಜಗಲಿಯಲ್ಲಿ ಅಜ್ಜಿಯನ್ನು ಮಲಗಿಸಿದ್ದರು. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ, ತುಳಸಿ ಎಲೆ ಅದ್ದಿ ಬಾಯಿಗೆ ನೀರು ಬಿಟ್ಟು ಇಳಿಯುತ್ತಿದ್ದರು. ಮಗ, ಸಂಬಂಧಿಕರು, ಬೋಜಣ್ಣನ ಹೆಂಡತಿ. ಹುಡುಗರೂ ಬಿಟ್ಟರು. ಸಾಲು ಉದ್ದ ಇತ್ತು. ತುಟಿಯ ಬದಿಯಿಂದ ನೀರು ಹರಿದು ದಿಂಬು ಒದ್ದೆಯಾಗಿತ್ತು.

ನಾನು ಶಾಮಿಯಾನದ ಹೊರಗೆ, ಬಿಸಿಲಿನಲ್ಲಿ. ರೂಬನ್ ಪಕ್ಕದಲ್ಲಿ. ಬೋಜಣ್ಣ ಹತ್ತಿರ ಬಂದರು. "ಬಂದದ್ದು ಒಳ್ಳೆದಾಯ್ತು. ಇಲ್ಲೇ ನಿಲ್ಲಿ ಟೀಚರ್, ಆಯ್ತಾ?" ಮರ್ಯಾದೆಯಿಂದಲೇ ಹೇಳಿದರು.

ಸಾಲು ಮುಗಿಯಿತು. ಎತ್ತಬೇಕು ಎನ್ನುವಾಗ ಹರಿಣಾಕ್ಷಿ ಎದ್ದು ನಿಂತಳು. ಚೆಂಬು ಹಿಡಿದುಕೊಂಡು ಮೆಟ್ಟಿಲವರೆಗೆ ಬಂದಳು. "ಟೀಚರ್, ನೀವು ಬನ್ನಿ."

 ಬೋಜಣ್ಣ ಮೆಟ್ಟಿಲಿನ ಎದುರು ಹೋಗಿ ನಿಂತರು. "ಬೇಡ ಮಗಾ. ಅವರದ್ದು ಬೇರೆ ಕ್ರಮ."

ಅವಳು ಅವರಿಗೆ ತುಳುವಿನಲ್ಲಿ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. ನಾನು ಅತ್ತೆಗೆ ನೀರು ಕೊಡುತ್ತಿರಲಿಲ್ಲ. ಹಾಸಿಗೆ ಒದ್ದೆಯಾಗುತ್ತದೆ ಅಂತ ಕೊಡುತ್ತಿರಲಿಲ್ಲ. ಇವರು ಬಂದು ಕೊಟ್ಟದ್ದು. ಕೀ ಎಲ್ಲಿದೆ ಎಂದು ಇವರಿಗೆ ಹೇಳಿದ್ದು ನಾನು. ಅವತ್ತು ಶಾಲೆಯಲ್ಲಿ ಸುಳ್ಳು ಹೇಳಿದ್ದೂ ನಾನು. ಈಗ ದಾರಿ ಬಿಡಿ.

ರೂಪೇಶ್ ತಾಯಿಯ ತಲೆಯ ಹತ್ತಿರ ಕೂತಿದ್ದವನು ಮುಖ ಎತ್ತಿದ. ಹೆಂಡತಿಯನ್ನು ನೋಡಿದ ಆ ನೋಟ... ಅವಳು ತಿರುಗಿ ನೋಡಲಿಲ್ಲ. ಇನ್ನು ಆ ಮನೆಯೊಳಗೆ ಅವಳಿಗೆ ಎಂಥ ದಿನಗಳು ಕಾದಿವೆಯೋ. ಅದನ್ನು ತಿಳಿದೇ ಹೇಳಿದಳು.

ಬೋಜಣ್ಣ ರೂಪೇಶ್‌ನ ಕಡೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು.

ಚಪ್ಪಲಿ ಬಿಟ್ಟು ಹತ್ತಿದೆ. ಹರಿಣಾಕ್ಷಿ ಚೆಂಬು ಕೊಟ್ಟಳು, ತುಳಸಿ ಎಲೆ ಕೊಟ್ಟಳು. ಬಗ್ಗಿದೆ. ಆ ಬಾಯಿಗೆ ಎಷ್ಟು ಬಿಡಬೇಕೆಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ತೃಷಾ ಇದ್ದಳು. ಅವಳ ಮುಖ ನೋಡಿದೆ. ಅವಳು ಮೆಲ್ಲಗೆ ಹೇಳಿದಳು, "ಜಾಸ್ತಿ ಬಿಡಿ ಟೀಚರ್, ಇನ್ನು ಒದ್ದೆಯಾದ್ರೂ ಅಡ್ಡಿಲ್ಲ."